ಸೆಫೀಡ್ ನಕ್ಷತ್ರ ಹಿಡಿದು ವಿಶ್ವ ಅಳೆಯುವುದು ಹೇಗೆ?

ವಿಶ್ವದ ವಯಸ್ಸು, ಗಾತ್ರ, ಹಿಗ್ಗುವ ವೇಗ, ಯಾವುದನ್ನು ಲೆಕ್ಕ ಹಾಕಲು ಹೊರಟರೂ ಮೊದಲು ಅಡ್ಡ ಬರುವುದು ದೂರ. ರಾತ್ರಿ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ನಿಂತು ಬೋಟುಗಳ ದೀಪ ನೋಡಿ. ಮಂಕಾಗಿ ಕಾಣುವುದು ಹತ್ತಿರದ ಸಣ್ಣ ದೀಪವೋ ದೂರದ ದೊಡ್ಡ ದೀಪವೋ ಹೇಳಲು ಬರುವುದಿಲ್ಲ ಅಲ್ವಾ? ಬಲ್ಬು ಎಷ್ಟು ವಾಟಿನದು ಎಂದು ಗೊತ್ತಿದ್ದರೆ ಮಾತ್ರ ಹೇಳಬಹುದು, ಯಾಕೆಂದರೆ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ, ಹತ್ತು ಪಟ್ಟಾದರೆ ನೂರರಲ್ಲಿ ಒಂದು.

ಹತ್ತಿರದ ನಕ್ಷತ್ರಗಳಿಗೆ ಈ ರಗಳೆ ಇಲ್ಲ. ಆರು ತಿಂಗಳ ಅಂತರದಲ್ಲಿ, ಅಂದರೆ ಭೂಮಿ ಸೂರ್ಯನ ಆಚೆ ಬದಿಗೆ ಹೋದ ಮೇಲೆ, ನೋಡಿದರೆ ಅವು ಚೂರು ಸರಿದಂತೆ ಕಾಣುತ್ತವೆ. ಆ ಕೋನ ಸಿಕ್ಕರೆ ಉಳಿದದ್ದು ಬರೀ ತ್ರಿಕೋನಮಿತಿ. ಜರ್ಮನಿಯ ಖಗೋಳಜ್ಞ ಬೆಸೆಲ್ 1838ರಲ್ಲೇ 61 ಸಿಗ್ನಿ ಎಂಬ ನಕ್ಷತ್ರಕ್ಕೆ ಹೀಗೆ ಮಾಡಿದ. ಬೇರೆ ಗೆಲಾಕ್ಸಿಗಳಿಗೆ ಈ ಕೋನ ತೀರಾ ಚಿಕ್ಕದಾಗುತ್ತದೆ.

ಅಲ್ಲಿ ಬೇಕಾಗುವುದು ಸೆಫೀಡ್. ಉಬ್ಬುತ್ತ ಕುಗ್ಗುತ್ತ ಬೆಳಕು ಏರಿಳಿಸುವ ನಕ್ಷತ್ರ. ಏರಿಳಿತದ ಅವಧಿ ಉದ್ದವಾದಷ್ಟೂ ನಿಜವಾದ ಬೆಳಕು ಜಾಸ್ತಿ ಎಂದು 1912ರಲ್ಲಿ ಖಗೋಳಜ್ಞೆ ಹೆನ್ರಿಯೆಟಾ ಲೆವಿಟ್ ತೋರಿಸಿದರು. ಅವರು ನೋಡಿದ 25 ಸೆಫೀಡ್‌ಗಳೂ ಕಿರಿಯ ಮೆಗಲನ್ ಮೋಡ ಎಂಬ ಪುಟ್ಟ ಗೆಲಾಕ್ಸಿಯಲ್ಲಿ, ಅಂದರೆ ನಮ್ಮಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿದ್ದವು. ಹಾಗಾಗಿಯೇ ಈ ನಂಟು ಕಣ್ಣಿಗೆ ಬಿತ್ತು. ನನಗೆ ಇಡೀ ಪಾಠದ ಜೀವ ಇಲ್ಲೇ ಇದೆ ಅನಿಸುತ್ತದೆ: ಗಡಿಯಾರ ನೋಡಿ ವಾಟ್ ಹೇಳುವುದು!

ಸುಮ್ನೆ ಓದಬೇಡಿ, ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಆಕಾಶದ ಆಸೆ ಬಿಡಬೇಕು. ನವೆಂಬರಿನಲ್ಲಿ ಶಿರಸಿ ಪೇಟೆಯ ದೀಪ ದಾಟಿ ಯಾವುದಾದರೂ ಗದ್ದೆ ಬಯಲಿಗೆ ಹೋಗಿ (ಅಡಿಕೆ ತೋಟದಲ್ಲಿ ನಿಂತರೆ ಸೋಗೆ ಬಿಟ್ಟು ಬೇರೇನೂ ಕಾಣದು), ಸಂಜೆ ಏಳೂವರೆ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ. ಕ್ಯಾಸಿಯೋಪಿಯಾ ನಕ್ಷತ್ರಪುಂಜದ ಎಡಕ್ಕೆ ಮೂರು ಮಂಕು ನಕ್ಷತ್ರಗಳ ಪುಟ್ಟ ತ್ರಿಕೋನವಿದೆ: ಡೆಲ್ಟಾ, ಝೀಟಾ, ಎಪ್ಸಿಲಾನ್ ಸೆಫೈ. ಇದರಲ್ಲಿ ಡೆಲ್ಟಾವೇ ಸೆಫೀಡ್. ಅದು ಜೋರಾಗಿದ್ದಾಗ ಹೆಚ್ಚುಕಮ್ಮಿ ಝೀಟಾದಷ್ಟು, ಇಳಿದಾಗ ಎಪ್ಸಿಲಾನ್‌ಗಿಂತ ತುಸು ಮಂಕು. ಒಂದು ಸುತ್ತಿಗೆ ಸುಮಾರು 5 ದಿನ 9 ಗಂಟೆ. ಏರುವುದು ಬೇಗ, ಇಳಿಯುವುದು ನಿಧಾನ. 1784ರಲ್ಲಿ ಕಿವಿ ಕೇಳದ ತರುಣ ಜಾನ್ ಗುಡ್ರಿಕ್ ಇದನ್ನು ಹೀಗೇ ಹೋಲಿಸಿ ಕಂಡುಹಿಡಿದದ್ದು.

ಮುಂದೆ ಖಗೋಳಜ್ಞ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಸೆಫೀಡ್ ಹುಡುಕಿ ಅದು ಬೇರೆಯೇ ಗೆಲಾಕ್ಸಿ ಎಂದು ತೋರಿಸಿದ. 1929ರಲ್ಲಿ ದೂರದ ಗೆಲಾಕ್ಸಿ ಹೆಚ್ಚು ವೇಗವಾಗಿ ದೂರ ಸರಿಯುತ್ತದೆ ಎಂದ. ಆ ವೇಗವನ್ನು ದೂರದಿಂದ ಭಾಗಿಸಿದರೆ ಹಬಲ್ ಸ್ಥಿರಾಂಕ. ಸೆಫೀಡ್ ಮತ್ತು ಸೂಪರ್‌ನೋವಾ (ಸ್ಫೋಟಿಸುವ ನಕ್ಷತ್ರ) ದಾರಿಯಲ್ಲಿ ಅದು ಸುಮಾರು 73, ಅಂದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರ ಹೋದಂತೆ ಸೆಕೆಂಡಿಗೆ 73 ಕಿ.ಮೀ. ಜಾಸ್ತಿ. ಮಹಾಸ್ಫೋಟದ ಉಳಿಕೆ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ 67.4. ಈ ಜಗಳ ಇನ್ನೂ ಬಗೆಹರಿದಿಲ್ಲ, ವೆಬ್ ದೂರದರ್ಶಕ ಸೆಫೀಡ್‌ಗಳನ್ನು ಮತ್ತೆ ಅಳೆದ ಮೇಲೂ.