ಜಡಿಮಳೆಯಲ್ಲಿ ಎಕ್ಸ್‌ಪ್ರೆಸ್ ರೈಲು: ಮಳೆ ವೀಡಿಯೊದಲ್ಲಿ ಕಾಣಬೇಕಾದರೆ

ಆರಿದ್ರಾ, ಪುನರ್ವಸು ಮಳೆ ಹಿಡಿದ ಮೇಲೆ ನಮ್ಮ ಕಾಸರಗೋಡಿನ ಹಳಿಗಳಲ್ಲಿ ಓಡುವ ಎಕ್ಸ್‌ಪ್ರೆಸ್ ರೈಲುಗಳನ್ನು ಚಿತ್ರೀಕರಿಸಲು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಕಣ್ಣೆದುರು ಧೋ ಎಂದು ಸುರಿಯುವ ಮಳೆ ವೀಡಿಯೊದಲ್ಲಿ ಮಾತ್ರ ಏಕೆ ಮಾಯವಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತ್ತು. ಅದರ ಲೆಕ್ಕ ಈಗಷ್ಟೇ ತಲೆಗೆ ಹತ್ತಿರುವುದರಿಂದ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಟ್ರೈಪಾಡ್ ನಿಲ್ಲಿಸುವುದು, ವೀಡಿಯೊ ಕತ್ತರಿಸಿ ಜೋಡಿಸುವುದು ಮುಂತಾದವು ಎಲ್ಲರಿಗೂ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಜಾಗ ಮತ್ತು ಹೊತ್ತು

ವೇಗವಾಗಿ ಹಾದುಹೋಗುವ ರೈಲು ಬೇಕೆಂದರೆ ಅದು ನಿಲ್ಲದ ನಿಲ್ದಾಣಕ್ಕೆ ಹೋಗಬೇಕು. ಕಾಸರಗೋಡು ನಿಲ್ದಾಣದಲ್ಲಿ ಹೆಚ್ಚಿನ ಎಕ್ಸ್‌ಪ್ರೆಸ್‌ಗಳು ನಿಲ್ಲುತ್ತವೆ; ಕುಂಬಳೆಯಲ್ಲಿ ನಿಂತರೆ ಮಂಗಳಾ ಲಕ್ಷದ್ವೀಪ, ತಿರುವನಂತಪುರದ ರಾಜಧಾನಿ, ಮತ್ತು 2024ರಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ವಿಸ್ತರಣೆಗೊಂಡ ವಂದೇ ಭಾರತ್ ನಿಲ್ಲದೆ ಸಾಗುವುದನ್ನು ನೋಡಬಹುದು. ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು: ಕೊಂಕಣ ರೈಲು ಮಾರ್ಗದಲ್ಲಿ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿಯಿದ್ದು, ಗುಡ್ಡ ಕುಸಿತದ ಭಯದಿಂದ ಅಲ್ಲಿ ವೇಗ ತಗ್ಗಿಸುವುದರಿಂದ ನೇತ್ರಾವತಿ, ಮಂಗಳಾ ಮುಂತಾದ ರೈಲುಗಳು ನಮ್ಮಲ್ಲಿಗೆ ಬರುವ ಹೊತ್ತೂ ಬದಲಾಗುತ್ತದೆ. ಮಲಬಾರ್, ಮಾವೇಲಿ ರೈಲುಗಳು ಕೊಂಕಣದ ಕಡೆಗೆ ಹೋಗುವುದೇ ಇಲ್ಲವಾದ್ದರಿಂದ ಅವುಗಳಿಗೆ ಆ ವೇಳಾಪಟ್ಟಿ ಅನ್ವಯಿಸುವುದಿಲ್ಲ.

ಶಟರ್ ವೇಗದ ತೊಡಕು

ಶಟರ್ ವೇಗ ಹೆಚ್ಚಿದಷ್ಟೂ, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ ಕಡಿಮೆಯಾದಷ್ಟೂ, ಚಿತ್ರ ಸ್ಪಷ್ಟವಾಗುತ್ತದೆ ಎಂದು ನಾವೆಲ್ಲ ಮೊದಲು ಕಲಿಯುತ್ತೇವೆ. ರೈಲಿನ ಮಟ್ಟಿಗೆ ಇದು ನಿಜ, ಮಳೆಯ ಮಟ್ಟಿಗೆ ಅಲ್ಲ. ಎಡವುವುದು ಇಲ್ಲಿಯೇ ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸುತ್ತೇನೆ.

ಸುಮಾರು 3 ಮಿ.ಮೀ. ಗಾತ್ರದ ಮಳೆಹನಿ ಸೆಕೆಂಡಿಗೆ ಸುಮಾರು 8 ಮೀಟರ್, ಅಂದರೆ 8,000 ಮಿ.ಮೀ. ವೇಗದಲ್ಲಿ ಬೀಳುತ್ತದೆ. ಶಟರ್ 1/50 ಸೆಕೆಂಡು ತೆರೆದಿದ್ದರೆ ಆ ಅವಧಿಯಲ್ಲಿ ಹನಿ 160 ಮಿ.ಮೀ. ಕೆಳಗಿಳಿದು ಚಿತ್ರದಲ್ಲಿ ಒಂದು ಗೆರೆಯಾಗುತ್ತದೆ. 1/100ರಲ್ಲಿ ಗೆರೆ 80 ಮಿ.ಮೀ., 1/250ರಲ್ಲಿ 32 ಮಿ.ಮೀ., 1/1000ರಲ್ಲಿ ಬರೀ 8 ಮಿ.ಮೀ. ನನಗೆ ಬಹಳ ಇಷ್ಟವಾದ ಸುಲಭ ಸೂತ್ರ ಇದೇ: 8,000ವನ್ನು ಶಟರಿನ ಕೆಳಗಿನ ಅಂಕೆಯಿಂದ ಭಾಗಿಸಿದರೆ ಗೆರೆಯ ಉದ್ದ ಮಿಲಿಮೀಟರಿನಲ್ಲಿ ಸಿಗುತ್ತದೆ. 8 ಮಿ.ಮೀ. ಗೆರೆಯನ್ನು ನಮ್ಮ ಕಣ್ಣು ಮಳೆಯೆಂದು ಗುರುತಿಸುವುದಿಲ್ಲ. ಅದು ಚಿತ್ರದ ಮೇಲಿನ ಕಲೆಯಂತೆ ಕಂಡು ಮರೆಯಾಗುತ್ತದೆ. ಗೆರೆ ಉದ್ದವಾಗಿದ್ದರೆ ಮಾತ್ರ ಮಳೆ ಸುರಿಯುತ್ತಿದೆ ಎನಿಸುತ್ತದೆ.

ಹಾಗಾದರೆ 1/50 ಇಟ್ಟುಬಿಟ್ಟರೆ ಸಾಕಲ್ಲವೇ? ಸಾಲದು. ಹನಿಯೊಂದು ತನ್ನ ದಾರಿಯ ಯಾವುದೇ ಒಂದು ಬಿಂದುವನ್ನು ದಾಟಲು ಬೇಕಾಗುವ ಸಮಯ 3 ಭಾಗಿಸು 8,000, ಅಂದರೆ ಸೆಕೆಂಡಿನ ಸುಮಾರು 2,700ನೆಯ ಒಂದು ಭಾಗ. ಶಟರ್ 1/50 ಸೆಕೆಂಡು ತೆರೆದಿರುವಾಗ ಆ ಬಿಂದುವಿನಲ್ಲಿ ಹನಿ ಇರುವುದು ಒಟ್ಟು ಅವಧಿಯ 53ರಲ್ಲಿ ಒಂದು ಪಾಲು ಮಾತ್ರ. ಉಳಿದ 52 ಪಾಲು ಅಲ್ಲಿ ಹಿನ್ನೆಲೆಯೇ ಮೂಡುತ್ತಿರುತ್ತದೆ. ಆದ್ದರಿಂದ ಗೆರೆ ಉದ್ದವಾದಂತೆ ಅಷ್ಟೇ ಪ್ರಮಾಣದಲ್ಲಿ ಮಸುಕಾಗುತ್ತದೆ. 1/250ರಲ್ಲಿ ಹನಿಯ ಪಾಲು ಸುಮಾರು ಹನ್ನೊಂದರಲ್ಲಿ ಒಂದಾಗುತ್ತದೆ, 1/1000ರಲ್ಲಿ ಮೂರರಲ್ಲಿ ಒಂದಕ್ಕಿಂತಲೂ ತುಸು ಹೆಚ್ಚು. ಉದ್ದ ಬೇಕಾದರೆ ಹೊಳಪು ಹೋಗುತ್ತದೆ, ಹೊಳಪು ಬೇಕಾದರೆ ಉದ್ದ ಹೋಗುತ್ತದೆ. ಈ ಎರಡರ ನಡುವೆ 1/100ರಿಂದ 1/250ರವರೆಗಿನ ಪಟ್ಟಿಯಲ್ಲೇ ಮಳೆ ಚೆನ್ನಾಗಿ ಕಾಣುತ್ತದೆ.

ಇನ್ನು ರೈಲು. ಗಂಟೆಗೆ 110 ಕಿ.ಮೀ. ವೇಗವೆಂದಿಟ್ಟುಕೊಂಡರೆ ಅದು ಸೆಕೆಂಡಿಗೆ ಸುಮಾರು 30 ಮೀಟರ್ ಸಾಗುತ್ತದೆ. 1/100 ಸೆಕೆಂಡಿನಲ್ಲಿ 30 ಸೆಂ.ಮೀ. ಬದಿಯಿಂದ ನೋಡಿದರೆ ಬೋಗಿಯ ಮೇಲಿನ ಅಕ್ಷರಗಳು ಕಲಸಿಹೋಗಲು ಇಷ್ಟು ಸಾಕು. ಆದರೆ ರೈಲು ನಮ್ಮ ಕಡೆಗೆ ಓರೆಯಾಗಿ ಬರುತ್ತಿದ್ದರೆ ಚಿತ್ರದಲ್ಲಿ ಅದು ಅಡ್ಡಕ್ಕೆ ಸರಿಯುವುದು ಬಹಳ ಕಡಿಮೆ, ದೊಡ್ಡದಾಗುತ್ತ ಬರುವುದೇ ಹೆಚ್ಚು. ಹಾಗಾಗಿ ಎದುರಿನಿಂದ ತೆಗೆಯುವಾಗ 1/100, ಬದಿಯಿಂದ ತೆಗೆಯುವಾಗ 1/250 ಎಂದು ನಾನು ನಿಗದಿಪಡಿಸಿಕೊಂಡಿದ್ದೇನೆ. 1/100ಕ್ಕೆ ಇನ್ನೊಂದು ಗುಣವಿದೆ: ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದಾಗಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಈ ಶಟರಿನಲ್ಲಿ ಸಂಜೆ ಪ್ಲಾಟ್‌ಫಾರ್ಮಿನ ದೀಪಗಳು ವೀಡಿಯೊದಲ್ಲಿ ಮಿಟುಕುವುದಿಲ್ಲ.

ಫೋನಿನ ಕ್ಯಾಮೆರಾವನ್ನು ಆಟೋ ಮೋಡಿನಲ್ಲೇ ಬಿಟ್ಟರೆ ಏನಾಗುತ್ತದೆ ಎಂಬುದೂ ಈ ಲೆಕ್ಕದಿಂದಲೇ ತಿಳಿಯುತ್ತದೆ. ಫೋನಿನ ಅಪರ್ಚರನ್ನು (ಬೆಳಕು ಒಳಬರುವ ರಂಧ್ರದ ಗಾತ್ರವನ್ನು) ಸಾಮಾನ್ಯವಾಗಿ ಬದಲಿಸಲು ಬರುವುದಿಲ್ಲ. ಎಫ್/1.8 ಅಪರ್ಚರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100 ಇದ್ದು ಬೆಳ್ಳನೆಯ ಮೋಡದ ಬೆಳಕಿದ್ದರೆ ಫೋನ್ ಸುಮಾರು 1/1200 ಶಟರನ್ನು ತಾನೇ ಆರಿಸಿಕೊಂಡು ಮಳೆಯನ್ನು ಅಳಿಸಿಬಿಡುತ್ತದೆ. ಆಕಾಶ ಕಪ್ಪಿಟ್ಟು ಜಡಿಮಳೆ ಹಿಡಿದಾಗ ಬೆಳಕು ಎಷ್ಟೋ ಪಟ್ಟು ತಗ್ಗುವುದರಿಂದ ಶಟರನ್ನು ನಾವೇ ಆರಿಸಬಹುದಾದ ಪ್ರೊ ಮೋಡಿನಲ್ಲಿ 1/160ರ ಆಸುಪಾಸು ತಾನಾಗಿಯೇ ಹೊಂದುತ್ತದೆ. ಮೋಡ ಬೆಳ್ಳಗಿರುವ ದಿನ ಎನ್‌ಡಿ 8 ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು) ಹಾಕಿದರೆ ಬೆಳಕು ಎಂಟನೆಯ ಒಂದಕ್ಕೆ ಇಳಿದು 1/1200 ಇದ್ದದ್ದು 1/150ಕ್ಕೆ ಬರುತ್ತದೆ.

ಹಿನ್ನೆಲೆ ಮತ್ತು ಜೂಮ್

ಮಸುಕಾದ ಗೆರೆಗಳು ಬಿಳಿ ಆಕಾಶದೆದುರು ಎಂದಿಗೂ ಕಾಣುವುದಿಲ್ಲ. ಹಳಿಯಾಚೆ ತೆಂಗಿನ ತೋಟ, ದಟ್ಟ ಪೊದೆ ಅಥವಾ ಮುರಕಲ್ಲು ಕಡಿದ ದರೆ ಇರುವ ಕಡೆಗೆ ಕ್ಯಾಮೆರಾ ತಿರುಗಿಸಬೇಕು. ಇಂಜಿನ್ನಿನ ಹೆಡ್‌ಲೈಟ್ ಎದುರಿನಿಂದ ಬರುವಾಗ ಆ ಬೆಳಕು ಹನಿಗಳ ಮೂಲಕ ನಮ್ಮತ್ತ ಹಾಯುವುದರಿಂದ ಅದರ ಸುತ್ತಲಿನ ಮಳೆ ಒಮ್ಮೆಗೇ ಬೆಳಗುತ್ತದೆ. ಜಡಿಮಳೆಯ ವೀಡಿಯೊದಲ್ಲಿ ನಾನು ಮೊದಲು ನೋಡುವುದೇ ಆ ಕ್ಷಣವನ್ನು. ಅದೇ ಬೆಳಕಿಗೆ ಬೆದರಿ ಫೋನ್ ಇಡೀ ಚಿತ್ರವನ್ನು ಕಪ್ಪಾಗಿಸದಂತೆ ಎಕ್ಸ್‌ಪೋಷರನ್ನು (ಬೆಳಕಿನ ಹೊಂದಾಣಿಕೆಯನ್ನು) ಮೊದಲೇ ಲಾಕ್ ಮಾಡಿರಬೇಕು. ಫೋಕಸನ್ನೂ ಹಳಿಯ ಪಕ್ಕದ ಒಂದು ವಿದ್ಯುತ್ ಕಂಬಕ್ಕೆ ಹೊಂದಿಸಿ ಲಾಕ್ ಮಾಡಬೇಕು, ಇಲ್ಲವಾದರೆ ಅದು ಕೊಡೆಯ ಅಂಚಿನಿಂದ ತೊಟ್ಟಿಕ್ಕುವ ಹನಿಗೆ ಅಂಟಿಕೊಳ್ಳುತ್ತದೆ.

ಸಾಮಾನ್ಯ ಲೆನ್ಸಿನಲ್ಲಿ 10 ಮೀಟರ್ ದೂರದ ದೃಶ್ಯದ ಅಗಲ ಸುಮಾರು 14 ಮೀಟರ್. 4ಕೆ ವೀಡಿಯೊದ 3,840 ಪಿಕ್ಸೆಲ್‌ಗಳಿಗೆ ಅದನ್ನು ಹಂಚಿದರೆ ಒಂದು ಪಿಕ್ಸೆಲ್ಲಿಗೆ 3.6 ಮಿ.ಮೀ.; ನಮ್ಮ ಹನಿ ಅದಕ್ಕಿಂತ ಸಣ್ಣದು. 3 ಪಟ್ಟು ಜೂಮ್ ಲೆನ್ಸಿನಲ್ಲಿ ಅದೇ ಹನಿ ಎರಡಕ್ಕಿಂತ ಹೆಚ್ಚು ಪಿಕ್ಸೆಲ್ ಅಗಲ ಪಡೆಯುತ್ತದೆ. ದೂರ ನಿಂತು ಜೂಮ್ ಮಾಡುವುದು ಸುರಕ್ಷಿತವೂ ಹೌದು, ಮಳೆಯೂ ಹೆಚ್ಚು ಕಾಣುತ್ತದೆ.

ಸುರಕ್ಷತೆ

ಜಡಿಮಳೆಯ ಸದ್ದಿನಲ್ಲಿ ರೈಲಿನ ಹಾರನ್ ಎಷ್ಟೋ ತಡವಾಗಿ ಕೇಳಿಸುತ್ತದೆ, ಮತ್ತು 300 ಮೀಟರ್ ದೂರವನ್ನು ಗಂಟೆಗೆ 110 ಕಿ.ಮೀ. ವೇಗದ ರೈಲು ಹತ್ತು ಸೆಕೆಂಡಿನೊಳಗೆ ಕ್ರಮಿಸುತ್ತದೆ. ಹಳಿಯ ಮೇಲೆ ಅಥವಾ ಜಲ್ಲಿಯ ಬದಿಯಲ್ಲಿ ನಿಲ್ಲಲೇಬಾರದು. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪ್ಲಾಟ್‌ಫಾರ್ಮ್ ಟಿಕೆಟ್ ಪಡೆದು ಹಳದಿ ಗೆರೆಯಿಂದ ಸಾಕಷ್ಟು ಹಿಂದೆ ನಿಲ್ಲಿ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುವುದರಿಂದ ಕಾಲುಸೇತುವೆಯ ಮೇಲಿಂದ ಕೊಡೆಯನ್ನಾಗಲಿ ಸೆಲ್ಫಿ ಕೋಲನ್ನಾಗಲಿ ಹೊರಗೆ ಚಾಚಬಾರದು.

ಸದ್ದು ಮತ್ತು ತೇವ

ಕೊಡೆಯ ಮೇಲೆ ಬೀಳುವ ಮಳೆಯ ಸದ್ದು ರೈಲಿನ ಸದ್ದನ್ನು ನುಂಗುತ್ತದೆ. ದಪ್ಪ ಟವೆಲನ್ನು ಕೊಡೆಯ ಮೇಲೆ ಹರಡಿದರೆ ಅದು ಬಹಳ ಮಟ್ಟಿಗೆ ಇಳಿಯುತ್ತದೆ. ಕೊನೆಯ ಬೋಗಿ ದಾಟಿದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಬೇಡಿ: ರೈಲಿನ ಹಿಂದೆ ನುಗ್ಗುವ ಗಾಳಿ ಹಳಿಯ ಮೇಲಿನ ನೀರನ್ನು ಮೇಲೆಬ್ಬಿಸಿ ಸುಳಿಸುತ್ತದೆ, ಅದು ಅಡಗಲು ಇನ್ನೂ ಕೆಲವು ಸೆಕೆಂಡು ಬೇಕು.

ಎಸಿ ಕೋಣೆಯಿಂದಲೋ ಕಾರಿನಿಂದಲೋ ನೇರವಾಗಿ ಹೊರತಂದ ಲೆನ್ಸಿನ ಮೇಲೆ ನಮ್ಮ ಕರಾವಳಿಯ ತೇವದ ಗಾಳಿ ಕೂಡಲೇ ಮಂಜು ಕಟ್ಟುತ್ತದೆ. ರೈಲು ಬರುವುದಕ್ಕೆ ಅರ್ಧ ಗಂಟೆ ಮೊದಲೇ ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು. ಮನೆಗೆ ಬಂದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ಮತ್ತು ಕಾರ್ಡ್ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ರಾತ್ರಿಯಿಡೀ ಇಡಿ. ತುಳುನಾಡಿನ ಮಳೆಗಾಲದ ಆಟಿ ತಿಂಗಳೊಂದು ಒಣಗಿಸದೆ ಹಾಗೆಯೇ ಬಿಟ್ಟರೂ ಲೆನ್ಸಿನೊಳಗೆ ಬೂಸ್ಟು ಹಿಡಿಯಲು ಅಷ್ಟು ಸಾಕು.