ಬರೀ ಹತ್ತಡಿ ನೀರು

"ಆಳ ಬರೀ ಹತ್ತಡಿ ಸಾರ್. ಗೇಟಿನ ರಬ್ಬರ್ ಸೀಲ್ ಕಿತ್ತಿದೆ. ಒಬ್ಬ ಹುಡುಗನ್ನ ಇಳಿಸಿ ನೋಡಿಬಿಡಿ."

ಅಣೆಕಟ್ಟಿನ ಕಡೆಯಿಂದ ಬರುವ ಫೋನುಗಳು ಹೆಚ್ಚುಕಡಿಮೆ ಹೀಗೇ ಶುರುವಾಗುತ್ತವೆ. ಡೈವಿಂಗ್ ಸೂಪರ್‌ವೈಸರ್ ಆಗಿ ನಾನು ಮೊದಲು ಕೇಳುವುದು ಆಳವನ್ನಲ್ಲ, ಗೇಟಿನ ಆಚೆ ಬದಿ ನೀರು ಎಷ್ಟಿದೆ ಅಂತ.

ಆಚೆ ಒಣಗಿದೆ ಎಂದರೆ ಲೆಕ್ಕ ಬೇರೆ. ಹತ್ತಡಿ ಆಳದ ಒಂದು ಚದರಡಿ ಕಿಂಡಿಗೆ ಡೈವರ್‌ನ ಮೈ ಅಡ್ಡ ಬಿದ್ದರೆ ಅವನನ್ನು ಅಲ್ಲಿಗೆ ಒತ್ತುವ ಭಾರ ಸುಮಾರು 280 ಕಿಲೋ. ಮೂವತ್ತಡಿಯಲ್ಲಿ ಸುಮಾರು 850. ಇದಕ್ಕಿಂತ ದೊಡ್ಡ ಮೋಸ ಎಂದರೆ, ಈ ಎಳೆತ ದೂರದಿಂದ ಗೊತ್ತೇ ಆಗುವುದಿಲ್ಲ. ಕಿಂಡಿಗೆ ಇರುವ ದೂರ ಅರ್ಧವಾದರೆ ನೀರಿನ ವೇಗ ಸರಿಸುಮಾರು ನಾಲ್ಕು ಪಟ್ಟಾಗುತ್ತದೆ. ಆರಡಿಯಿಂದ ಅರ್ಧ ಅಡಿಗೆ ಬರುವಷ್ಟರಲ್ಲಿ 144 ಪಟ್ಟು! ಹೂಳುನೀರಿನಲ್ಲಿ ಚಾಚಿದ ಕೈಯೇ ಕಾಣದು. ಎಷ್ಟೋ ಸಲ ಕಿಂಡಿ ಎಲ್ಲಿದೆಯೆಂದು ತಿಳಿಯುವುದು ಕೈ ಅದರೊಳಗೆ ಹೋದ ಮೇಲೆ.

ಅಂಟಿಕೊಂಡವನನ್ನು ಮೇಲಿನಿಂದ ಎಳೆದು ಬಿಡಿಸಲಾಗದು; ಎಳೆದರೆ ಅವನಿಗೇ ಪೆಟ್ಟು. ಎರಡೂ ಬದಿಯ ಒತ್ತಡ ಸಮವಾಗಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅದಕ್ಕೇ ಬೆನ್ನಿಗೆ ಸಿಲಿಂಡರ್ ಮಾತ್ರ ಕಟ್ಟಿಕೊಂಡು ಬರುವವರನ್ನು ನಾನು ಈ ಕೆಲಸಕ್ಕೆ ಇಳಿಸುವುದಿಲ್ಲ, ಅದರಲ್ಲಿರುವುದು ಎಣಿಸಿದ ನಿಮಿಷಗಳ ಗಾಳಿ. ದಡದ ಕಂಪ್ರೆಸರ್‌ನಿಂದ ಹೋಸ್‌ನಲ್ಲಿ ಗಾಳಿ ಹೋಗಬೇಕು, ಅದರ ಜೊತೆಗೇ ಮಾತಿನ ತಂತಿ ಇರಬೇಕು. ಸಿಲಿಂಡರ್ ಏನಿದ್ದರೂ ಆಪತ್ಕಾಲಕ್ಕೆ. ಗಾಬರಿಯಲ್ಲಿ ಸ್ಟ್ಯಾಂಡ್‌ಬೈ ಡೈವರ್‌ನನ್ನೂ ಅದೇ ಕಿಂಡಿಯ ಹತ್ತಿರ ಕಳಿಸಿದರೆ ಎರಡನೆಯವನೂ ಅಲ್ಲೇ ಅಂಟುತ್ತಾನೆ.

ಹೀಗಾಗಿ ನಮ್ಮ ಕೆಲಸದ ಮುಕ್ಕಾಲು ಪಾಲು ನೀರಿನ ಮೇಲೆಯೇ. ಗೇಟೆತ್ತುವ ಮೋಟರಿನ ಕರೆಂಟ್ ತೆಗೆಸಿ ಬೀಗ ಹಾಕಿಸುತ್ತೇನೆ, ಕೀ ನನ್ನ ಜೇಬಿನಲ್ಲಿ. ಮೊದಲು ಇಳಿಯುವುದು ಕ್ಯಾಮೆರಾ, ಇಲ್ಲವೇ ತುದಿಗೆ ಬಟ್ಟೆಚೂರು ಕಟ್ಟಿದ ಉದ್ದನೆಯ ಗಳ. ಬಟ್ಟೆ ಗೇಟಿನ ಕಡೆ ತಿರುಗಿ ಸೆಟೆದು ನಿಂತಿತೋ, ಆ ದಿನ ಯಾರೂ ಇಳಿಯುವುದಿಲ್ಲ. ದಿನದ ಬಾಡಿಗೆ ಕೊಡುವವರಿಗೆ ಇದು ಹಿಡಿಸುವುದಿಲ್ಲ, ಇರಲಿ.

ಇನ್ನೊಂದು ಮಾತು. ಕರಾವಳಿಯಲ್ಲಿ ಕಲಿತ ಹುಡುಗರು ಸಮುದ್ರಮಟ್ಟದ ಡಿಕಂಪ್ರೆಷನ್ ಕೋಷ್ಟಕವನ್ನೇ, ಅಂದರೆ ಆಳದಿಂದ ಎಷ್ಟು ನಿಧಾನವಾಗಿ ಮೇಲೇಳಬೇಕೆಂಬ ಪಟ್ಟಿಯನ್ನೇ, ತರುತ್ತಾರೆ. ತುಂಗಭದ್ರಾ ಜಲಾಶಯದ ಪೂರ್ಣಮಟ್ಟವೇ ಸಮುದ್ರಮಟ್ಟದಿಂದ 1,633 ಅಡಿ ಎತ್ತರ. ಇಲ್ಲಿ ಮೇಲಿನ ಗಾಳಿಯ ಒತ್ತಡ ಕಡಿಮೆ, ಆಳದ ತೂಬಿನ ಕೆಲಸಕ್ಕೆ ಲೆಕ್ಕ ತಿದ್ದಲೇಬೇಕು.

ಅದೇ ತುಂಗಭದ್ರಾದಲ್ಲಿ 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ, ಡೈವರ್‌ಗಳನ್ನು ಯಾಕೆ ಇಳಿಸಲಿಲ್ಲ ಎಂದು ಎಷ್ಟೋ ಜನ ನನ್ನನ್ನು ಕೇಳಿದರು. ಹಾಗೆ ಧುಮ್ಮಿಕ್ಕುವ ನೀರಿನೆದುರು ಮನುಷ್ಯನಿಗೆ ಕೆಲಸವಿಲ್ಲ. ಕ್ರೇನ್‌ಗಳಿಂದ ಉಕ್ಕಿನ ಸ್ಟಾಪ್‌ಲಾಗ್ (ಗೇಟಿನ ಬದಲು ನೀರು ತಡೆಯುವ ತಾತ್ಕಾಲಿಕ ಅಡ್ಡಹಲಗೆ) ತುಂಡುಗಳನ್ನು ಒಂದೊಂದಾಗಿ ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿದರು. ನಮ್ಮ ಸರದಿ ನೀರು ನಿಂತ ಮೇಲೆ, ತಳದ ತೂಬುಗಳ ಮುಂದೆ: ಸ್ಟಾಪ್‌ಲಾಗ್ ಕೂರಬೇಕಾದ ಗ್ರೂವ್‌ನಿಂದ ಹೂಳು, ಮರದ ಬೊಡ್ಡೆ, ಮೀನುಗಾರರ ಹರಿದ ಬಲೆ ತೆಗೆಯುವುದು. ಬಲೆಗೆಂದೇ ಕಾಲಿಗೊಂದು ಚೂರಿ ಕಟ್ಟಿಕೊಂಡು ಇಳಿಯುತ್ತೇವೆ.