‘ರಸ್ತೆ ಮುಚ್ಚಿದ್ದಾರೆ’: ಪರ್ಫೆಕ್ಟ್ ಟೆನ್ಸ್, ಪ್ಯಾಸಿವ್ ವಾಯ್ಸ್ ಅಂದ್ರೇನು?

ಮಳೆ ಜೋರಾಗಿ ಗುಡ್ಡ ಕುಸಿದರೆ ನಮ್ಮ ಸಕಲೇಶಪುರದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಶಿರಾಡಿ ಘಾಟ್ ಮುಚ್ಚಿದ್ದಾರೆ.’ ಯಾರು ಮುಚ್ಚಿದರು ಅಂತ ಯಾರೂ ಕೇಳಲ್ಲ. ಈಗ ಆ ದಾರೀಲಿ ಮಂಗಳೂರಿಗೆ ಹೋಗೋಕಾಗಲ್ಲ, ವಿಷಯ ಅಷ್ಟೇ. ಇಂಗ್ಲಿಷಿನಲ್ಲಿ ಇದು ‘ದ ರೋಡ್ ಹ್ಯಾಸ್ ಬೀನ್ ಕ್ಲೋಸ್ಡ್’. ಮಕ್ಕಳು ಹೆದರುವ ಎರಡು ಪಾಠಗಳೂ ಈ ಒಂದು ಸಾಲಿನಲ್ಲಿವೆ.

ಮೊದಲು ಪರ್ಫೆಕ್ಟ್ ಟೆನ್ಸ್. ‘ಬಂದೆ’ ಬೇರೆ, ‘ಬಂದಿದ್ದೇನೆ’ ಬೇರೆ ಅಲ್ವಾ? ‘ಬಂದು’ ಜೊತೆ ‘ಇದ್ದೇನೆ’ ಸೇರಿದೆ. ಬರುವ ಕೆಲಸ ಮುಗಿದಿದೆ, ಆದರೆ ಅದರ ಫಲ ಈಗಲೂ ಕಣ್ಣೆದುರಿಗಿದೆ. ನಾವು ‘ಇರು’ ಸೇರಿಸುವ ಕಡೆ ಇಂಗ್ಲಿಷಿನವರು ‘ಹ್ಯಾವ್’ ಸೇರಿಸುತ್ತಾರೆ. ‘ಬಂದಿದ್ದೆ’ ಅನ್ನೋಕೆ ‘ಹ್ಯಾಡ್ ಕಮ್’, ‘ಬಂದಿರುತ್ತೇನೆ’ ಅನ್ನೋಕೆ ‘ವಿಲ್ ಹ್ಯಾವ್ ಕಮ್’. ಹುಟ್ಟಿದಾಗಿನಿಂದ ಆಡುತ್ತಿರುವ ಮಾತೇ ಇದು, ಸುಮ್ನೆ ಪಟ್ಟಿ ಉರು ಹೊಡೆಸಿ ಮಕ್ಕಳನ್ನು ಹೆದರಿಸುವುದು ನನಗೆ ಸರಿ ಕಾಣಲ್ಲ.

ನಾವು ಎಡವೋದು ಬೇರೆ ಕಡೆ. ಕನ್ನಡದಲ್ಲಿ ‘ನಿನ್ನೇನೇ ಬಂದಿದ್ದೇನೆ’ ಅನ್ನಬಹುದು. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಕಮ್ ಯೆಸ್ಟರ್ಡೇ’ ತಪ್ಪು. ಮುಗಿದುಹೋದ ದಿನವೋ ಇಸವಿಯೋ ಹೇಳಿದ ಕೂಡಲೇ ಹ್ಯಾವ್ ಬಿಡಬೇಕು, ‘ಐ ಕೇಮ್ ಯೆಸ್ಟರ್ಡೇ’ ಅನ್ನಬೇಕು. ಬೇಲೂರಿನ ದೇವಸ್ಥಾನ 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸೇರಿದ್ದನ್ನು ಹೇಳುವಾಗ ‘ವಾಸ್ ಆ್ಯಡೆಡ್ ಇನ್ 2023’. ಅಲ್ಲಿಂದ ಇವತ್ತಿನವರೆಗೂ ಪಟ್ಟಿಯಲ್ಲಿದೆ ಅನ್ನುವಾಗ ‘ಹ್ಯಾಸ್ ಬೀನ್ ಆನ್ ದ ಲಿಸ್ಟ್ ಸಿನ್ಸ್ 2023’. ಇಸವಿ ಒಂದೇ, ಆದರೆ ‘ಇನ್’ ಅಲ್ಲಿಗೇ ನಿಲ್ಲುತ್ತದೆ, ‘ಸಿನ್ಸ್’ ಇಲ್ಲಿಯವರೆಗೂ ಬರುತ್ತದೆ.

ಇನ್ನು ಪ್ಯಾಸಿವ್ ವಾಯ್ಸ್, ಅಂದರೆ ಕರ್ಮಣಿ ಪ್ರಯೋಗ. ‘ಬೆಕ್ಕಿನಿಂದ ಹಾಲು ಕುಡಿಯಲ್ಪಟ್ಟಿತು’ ಅಂತ ಹೇಳಿಕೊಡುತ್ತಾರೆ. ಯಾರ ಮನೆಯಲ್ಲಿ ಹೀಗೆ ಮಾತಾಡ್ತಾರೆ ಹೇಳಿ? ಮಾಡಿದವರು ಯಾರು ಅನ್ನೋದು ಬೇಡವಾದಾಗ ನಾವು ಅವರ ಹೆಸರು ಬಿಟ್ಟು ‘ಮುಚ್ಚಿದ್ದಾರೆ’, ‘ಕಾಫಿ ಕೊಯ್ದಿದ್ದಾರೆ’ ಅಂತೀವಿ. ಇಂಗ್ಲಿಷಿನಲ್ಲಿ ಹಾಗೆ ಕರ್ತೃವನ್ನು ಸುಮ್ಮನೆ ಬಿಡೋಕಾಗಲ್ಲ, ಆ ಜಾಗ ಯಾರಾದರೂ ತುಂಬಲೇಬೇಕು, ಅದಕ್ಕೇ ರಸ್ತೆಯೋ ಕಾಫಿಯೋ ಮುಂದೆ ಬಂದು ಕೂರುತ್ತದೆ. ಮಾಡಿದವರನ್ನು ಹೇಳಲೇಬೇಕಾದಾಗ ಮಾತ್ರ ‘ಬೈ’. ತೋಟದ ಬೇಲಿ ಮುರಿದದ್ದು ಆನೆ ಅಂತಾದರೆ ‘ದ ಫೆನ್ಸ್ ವಾಸ್ ಬ್ರೋಕನ್ ಬೈ ಆ್ಯನ್ ಎಲಿಫೆಂಟ್’. ಇಲ್ಲಿ ಆನೆಯನ್ನು ಬಿಟ್ಟರೆ ಸುದ್ದಿಯೇ ಹೋಯಿತು.

‘ಹ್ಯಾಸ್ ಬೀನ್ ಕ್ಲೋಸ್ಡ್’ನಲ್ಲಿ ‘ಹ್ಯಾಸ್’ ಇದ್ದದ್ದು ಪರ್ಫೆಕ್ಟಿಗೆ. ‘ಬೀನ್’ ಜೊತೆ ‘ಕ್ಲೋಸ್ಡ್’ ಬಂದದ್ದು ಪ್ಯಾಸಿವಿಗೆ. ಆದರೆ ‘ಬೀನ್’ ಕಂಡಲ್ಲೆಲ್ಲ ಪ್ಯಾಸಿವ್ ಅಂದುಕೊಳ್ಳಬೇಡಿ. ‘ಶೀ ಹ್ಯಾಸ್ ಗಾನ್ ಟು ಹಾಸನ್’ ಅಂದರೆ ಹಾಸನಕ್ಕೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ‘ಶೀ ಹ್ಯಾಸ್ ಬೀನ್ ಟು ಹಾಸನ್’ ಅಂದರೆ ಹೋಗಿ ಬಂದಿದ್ದಾಳೆ.